ಕೊಪ್ಪೀಕರ್ ರಸ್ತೆಯ ಆ ಅಣ್ಣನಿಗೆ

ಹೋದ ಮೇ ತಿಂಗಳ ಮಾತು. ನಮ್ಮ ಚರ್ಚ್ ಮೂಲಕ ನೈರೋಬಿಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತ್ತು. ಅಲ್ಲಿನ ಸಭೆಯವರ ಬದುಕನ್ನು ಫೋಟೊ, ಕಿರುಚಿತ್ರ ಮಾಡುವ ಕೆಲಸ. ರಾತ್ರಿ ಹುಬ್ಬಳ್ಳಿಯಿಂದ ಬೆಂಗಳೂರು ರೈಲು, ಅಲ್ಲಿಂದ ವಿಮಾನ. ಸಂಜೆ ಐದಕ್ಕೆ ಕ್ಯಾಮೆರಾ ಆನ್ ಮಾಡಿದರೆ, ಮೆಮೊರಿ ಕಾರ್ಡ್ ಲಾಕ್ ಆಗಿದೆ ಅಂತ ತೋರಿಸಿತು. ಎದೆ ಧಸಕ್ಕೆಂದಿತು.

ಕೊಪ್ಪೀಕರ್ ರಸ್ತೆಯ ಒಂದು ಚಿಕ್ಕ ಅಂಗಡಿಗೆ ಓಡಿದೆ. ಹೊಸ ಕಾರ್ಡ್ ಕೊಡಿ ಅಂದೆ. ಆ ಅಣ್ಣ ಕೊಡಲೇ ಇಲ್ಲ! ಹಳೇದನ್ನೇ ಬೆಳಕಿಗೆ ಹಿಡಿದು, "ಬಾಜೂದ ಲಾಕ್ ಮುರದೈತಿ ನೋಡ್ರಿ ತಂಗಿ. ಕಾರ್ಡ್ ಚಲೋ ಐತಿ" ಅಂದರು. ಅಕ್ಕಿಕಾಳಿನಷ್ಟು ಟೇಪ್ ಕತ್ತರಿಸಿ, ಲಾಕ್ ಇದ್ದ ಅಂಚಿನ ಸಣ್ಣ ಕಚ್ಚಿನ ಮೇಲೆ ಅಂಟಿಸಿ, ಉಗುರಿನಿಂದ ಒತ್ತಿದರು. ಕ್ಯಾಮೆರಾ ಕ್ಲಿಕ್ ಅಂದಿತು. ಮೊದಲ ಫೋಟೊ ಅವರ ಅರ್ಧ ಕುಡಿದ ಚಹಾದ್ದು.

ಹೆಚ್ಚಿನ ಬ್ಯಾಟರಿ ಎಲ್ಲಿಟ್ಟೀರಿ ಅಂತಲೂ ಕೇಳಿದರು. ಸೂಟ್‌ಕೇಸಿನಲ್ಲಿ ಅಂದೆ. "ವಿಮಾನದಾಗ ಹೆಚ್ಚಿನ ಲಿಥಿಯಂ ಬ್ಯಾಟರಿ ಲಗೇಜಿನಾಗ ಹಾಕಂಗಿಲ್ರಿ, ಕೈಚೀಲದಾಗ ಇಟ್ಕೋರಿ" ಅಂದು ಮೂರೂ ಬ್ಯಾಟರಿಯ ತುದಿಗೆ ಟೇಪ್ ಹಚ್ಚಿಕೊಟ್ಟರು. ರೊಕ್ಕ ಎಷ್ಟು ಅಂದರೆ, "ಟೇಪಿಗೆ ಎಂಥಾ ರೊಕ್ಕ?" ಅಂತ ನಕ್ಕರು.

ಎರಡು ತಿಂಗಳು ಆ ಟೇಪ್ ಕಿತ್ತು ಬರಲಿಲ್ಲ. ಗಡಿಬಿಡಿಯಲ್ಲಿ ಹೆಸರು ಕೇಳೋದೇ ಮರೆತಿದ್ದೆ. ಅಣ್ಣ, ಥ್ಯಾಂಕ್ಸ್. ಈ ವಾರ ಪೇಡೆ ತಗೊಂಡು ಬರ್ತೀನಿ.