ಭಾನುವಾರದ ಮಾತುಕತೆ: ಬೆತ್ಲೆಹೆಮ್ ಸ್ಟೀಲ್ ತಂಡ

ಎಲ್ಲರಿಗೂ ನಮಸ್ಕಾರ 🙏

ಈ ಭಾನುವಾರ ಸಂಜೆ 7ಕ್ಕೆ ನಮ್ಮ ಫುಟ್‌ಬಾಲ್ ಇತಿಹಾಸದ ವಿಡಿಯೋ ಮಾತುಕತೆ ಇದೆ. ಅಮೆರಿಕದಲ್ಲಿರುವ ಸದಸ್ಯರಿಗೆ ಅದು ಬೆಳಗಿನ ಹೊತ್ತು, ದಯವಿಟ್ಟು ನಿಮ್ಮೂರಿನ ಸಮಯ ನೋಡಿಕೊಳ್ಳಿ.

ಈ ಸಲದ ವಿಷಯ ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಸ್ಟೀಲ್. ಉಕ್ಕಿನ ಕಾರ್ಖಾನೆಯ ಆಸರೆಯಲ್ಲಿ ಬೆಳೆದ ತಂಡ ಇದು. ಸ್ಕಾಟ್ಲೆಂಡಿನಿಂದಲೂ ಆಟಗಾರರನ್ನು ಕರೆಸಿಕೊಂಡಿತು. ಅಮೆರಿಕದ ಫುಟ್‌ಬಾಲ್ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಇವತ್ತಿನ ಯು.ಎಸ್. ಓಪನ್ ಕಪ್‌ಗೆ ಆಗ ನ್ಯಾಷನಲ್ ಚಾಲೆಂಜ್ ಕಪ್ ಎಂಬ ಹೆಸರು. ಅದನ್ನು 1915, 1916, 1918, 1919, 1926ರಲ್ಲಿ, ಒಟ್ಟು 5 ಸಲ ಗೆದ್ದರು. 1919ರಲ್ಲಿ ಸ್ವೀಡನ್, ಡೆನ್ಮಾರ್ಕ್‌ಗೂ ಹೋಗಿ ಆಡಿ ಬಂದರು. ಈ ತಂಡದ ಆರ್ಚಿ ಸ್ಟಾರ್ಕ್ 1924–25ರ ಒಂದೇ ಲೀಗ್ ಋತುವಿನಲ್ಲಿ ಹೊಡೆದದ್ದು 67 ಗೋಲು! ಇಂಥ ಆಟಗಾರನ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ನನಗೆ ಹೆಚ್ಚು ಚರ್ಚೆ ಬೇಕಿರುವುದು 1928ರ ಜಗಳದ ಬಗ್ಗೆ. ನ್ಯಾಷನಲ್ ಚಾಲೆಂಜ್ ಕಪ್‌ನಲ್ಲಿ ಆಡಬೇಡಿ ಎಂದು ತಂಡ ಆಡುತ್ತಿದ್ದ ಅಮೆರಿಕನ್ ಸಾಕರ್ ಲೀಗ್ ಹೇಳಿತು, ಬೆತ್ಲೆಹೆಮ್ ಕೇಳಲಿಲ್ಲ, ಲೀಗ್‌ನಿಂದ ಹೊರಬಿತ್ತು. ಆಮೇಲೆ 1929ರಲ್ಲಿ ಶುರುವಾದ ಆರ್ಥಿಕ ಮಹಾಕುಸಿತ ಬೇರೆ. 1930ಕ್ಕೆ ತಂಡವೇ ಮುಚ್ಚಿತು. ತಂಡ ಮಾಡಿದ್ದು ಸರಿಯೇ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಖಂಡಿತ ಬನ್ನಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ‘ಬರ್ತೀನಿ’ ಎಂದು ಹಾಕಿ. ಲಿಂಕ್ ಶನಿವಾರ ಕಳಿಸುತ್ತೇನೆ. 1928ರ ಭಾಗವನ್ನು 10 ನಿಮಿಷ ಪರಿಚಯಿಸಲು ಒಬ್ಬರು ಬೇಕು, ಆಸಕ್ತರು ನನಗೆ ನೇರವಾಗಿ ಮೆಸೇಜ್ ಮಾಡಿ. ಹಳೆಯ ಫೋಟೋ ಹಂಚುವವರು ಅದು ಯಾವ ವರ್ಷದ್ದು, ಎಲ್ಲಿ ಸಿಕ್ಕಿತು ಎಂದು ಬರೆದೇ ಹಾಕಿ. ಅಲ್ಲಿಯವರೆಗೆ ಬೇರೆ ಫಾರ್ವರ್ಡ್‌ಗಳು ಬೇಡ, ದಯವಿಟ್ಟು ಸಹಕರಿಸಿ.