ಈ ಭಾನುವಾರದ ಓದು: ಕಾರೆಲ್ ಕೋಸಿಕ್

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 6ಕ್ಕೆ ನಮ್ಮ ಆನ್‌ಲೈನ್ ಮಾತುಕತೆ ಇದೆ. ಈ ಸಲ ಜೆಕ್ ತತ್ವಜ್ಞಾನಿ ಕಾರೆಲ್ ಕೋಸಿಕ್ (1926–2003) ಬಗ್ಗೆ ಮಾತಾಡೋಣ.

ಪ್ರಾಗ್‌ನಲ್ಲಿ ಹುಟ್ಟಿದ ಕೋಸಿಕ್, ಹದಿಹರೆಯದಲ್ಲೇ ನಾಜಿಗಳ ವಿರುದ್ಧ ಭೂಗತ ಹೋರಾಟಕ್ಕೆ ಇಳಿದರು. 1944ರಲ್ಲಿ ನಾಜಿಗಳ ರಹಸ್ಯ ಪೊಲೀಸ್ ಪಡೆ ಗೆಸ್ಟಾಪೊ ಅವರನ್ನು ಹಿಡಿಯಿತು. ಯುದ್ಧ ಮುಗಿಯುವವರೆಗೂ ಟೆರೆಜಿನ್‌ನ ನಾಜಿ ಸೆರೆಶಿಬಿರದಲ್ಲಿದ್ದರು.

1963ರಲ್ಲಿ ಬಂದ 'ಮೂರ್ತದ ದ್ವಂದ್ವಶಾಸ್ತ್ರ' (Dialectics of the Concrete) ಅವರ ಮುಖ್ಯ ಪುಸ್ತಕ. ದಿನನಿತ್ಯದ ಬದುಕು, ಮಾರುಕಟ್ಟೆ, ಕಚೇರಿ ಇವೆಲ್ಲ ಮಳೆ ಬಿಸಿಲಿನ ಹಾಗೆ ತಾವಾಗಿಯೇ ಇರುವಂಥವು ಅಂತ ನಮಗೆ ಅನಿಸುತ್ತದೆ, ಅಲ್ವಾ? ಕೋಸಿಕ್ ಪ್ರಕಾರ ಅದು ಹುಸಿ ನೋಟ. ಇವನ್ನೆಲ್ಲ ಕಟ್ಟಿದ್ದು ಮನುಷ್ಯರ ದುಡಿಮೆ. ಹಾಗಾಗಿ ಬದಲಾಯಿಸುವುದೂ ಮನುಷ್ಯರಿಗೆ ಸಾಧ್ಯ. ಎಲ್ಲವನ್ನೂ ಬರೀ ಆರ್ಥಿಕ ಕಾರಣಕ್ಕೆ ಇಳಿಸುವ ಮಾರ್ಕ್ಸ್‌ವಾದವನ್ನು ಅವರು ಒಪ್ಪಲಿಲ್ಲ. ಮನುಷ್ಯ ಯಾರು ಅನ್ನುವ ಪ್ರಶ್ನೆಯನ್ನು ಮತ್ತೆ ನಡುವೆ ತಂದಿಟ್ಟರು. ನನಗೆ ಅತಿ ಇಷ್ಟವಾದ ಭಾಗ ಇದೇ.

1968ರಲ್ಲಿ ಕಮ್ಯುನಿಸ್ಟ್ ಜೆಕೊಸ್ಲೊವಾಕಿಯಾದಲ್ಲಿ ನಡೆದ ಸುಧಾರಣಾ ಚಳವಳಿ 'ಪ್ರಾಗ್ ವಸಂತ'ದಲ್ಲಿ ಅವರು ಸುಧಾರಣೆಯ ಪರ ನಿಂತರು. ಅದನ್ನು ಹತ್ತಿಕ್ಕಲು ಸೋವಿಯತ್ ಟ್ಯಾಂಕುಗಳು ಬಂದ ಮೇಲೆ ಕಮ್ಯುನಿಸ್ಟ್ ಪಕ್ಷದಿಂದಲೂ ವಿಶ್ವವಿದ್ಯಾಲಯದಿಂದಲೂ ಹೊರಗೆ ಹಾಕಿಸಿಕೊಂಡರು. ಪುಸ್ತಕ ಪ್ರಕಟಿಸುವಂತಿಲ್ಲ, ಪಾಠ ಮಾಡುವಂತಿಲ್ಲ. 1975ರಲ್ಲಿ ಪೊಲೀಸರು ಮನೆಗೆ ನುಗ್ಗಿ ಸಾವಿರಕ್ಕೂ ಜಾಸ್ತಿ ಪುಟಗಳ ಹಸ್ತಪ್ರತಿ ಹೊತ್ತೊಯ್ದರು. ವರ್ಷಗಟ್ಟಲೆ ಯೋಚಿಸಿ ಬರೆದದ್ದು! ಆಗ ಅವರು ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್‌ಗೆ ಬಹಿರಂಗ ಪತ್ರ ಬರೆದರು. ಇಷ್ಟೆಲ್ಲ ಆದರೂ ದೇಶ ಬಿಡಲಿಲ್ಲ. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಬಿದ್ದ ನಂತರ ಬಂದ ಬಂಡವಾಳಶಾಹಿಯನ್ನೂ ಅಷ್ಟೇ ಗಟ್ಟಿಯಾಗಿ ಟೀಕಿಸಿದರು.

ಪುಸ್ತಕದ ಮೊದಲ ಅಧ್ಯಾಯ ಓದಿಕೊಂಡು ಬನ್ನಿ. ಕಷ್ಟ ಅನಿಸಿದ ಸಾಲುಗಳನ್ನು ಶನಿವಾರದೊಳಗೆ ಇಲ್ಲೇ ಹಾಕಿ.