31 ಹಾಡುಗಳ ಬಗ್ಗೆ, ಪುಟ್ಟಿಗೆ

ಪ್ರೀತಿಯ ಪುಟ್ಟಿ,

ಅತ್ತೆಯ ಆಶೀರ್ವಾದಗಳು. ಮನೆಯ ಸುದ್ದಿಯೆಲ್ಲ ನಿಮ್ಮಪ್ಪ ಹೇಳಿಯೇ ಇರುತ್ತಾನೆ, ಅದು ಬಿಡು. ನಿನ್ನ ಪತ್ರದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. "ನನಗೆ ಸ್ವಂತ ರುಚಿ ಅಂತ ಒಂದಿದೆಯಾ ಅತ್ತೆ?" ಅಂತ ಕೇಳಿದ್ದೀಯ. ಟೇಲರ್ ಸ್ವಿಫ್ಟ್ ಅವರ 'ದಿ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್' ಕೇಳುತ್ತಾ ರಾತ್ರಿ ಅತ್ತವಳು ನೀನು. ಬೆಳಿಗ್ಗೆ ನಾಲ್ಕು ಜನ ಬೋರು ಅಂದದ್ದನ್ನು ಓದಿದೆ. ಆಮೇಲೆ ನಿನಗೂ ಬೋರು ಅನ್ನಿಸಿತಂತೆ.

ಆ ಆಲ್ಬಂ ಬಂದದ್ದು 2024ರ ಏಪ್ರಿಲ್‌ನಲ್ಲಿ. ಮೊದಲು 16 ಹಾಡು, ಎರಡು ಗಂಟೆ ಕಳೆದ ಮೇಲೆ ಇನ್ನೂ 15. ಒಮ್ಮೆ ಕೇಳಿ ಮುಗಿಸುವುದಕ್ಕೇ ಎರಡು ಗಂಟೆ ಬೇಕು. ಬೆಳಗಾಗುವಷ್ಟರಲ್ಲಿ ತೀರ್ಪು ಕೊಟ್ಟವರು ಎಷ್ಟು ಸಲ ಕೇಳಿರಬಹುದು? ಅವರು ಹೇಳಿದ್ದು ಸುಳ್ಳು ಅನ್ನುತ್ತಿಲ್ಲ. ನನಗೂ ಅದು ಜಾಸ್ತಿಯಾಯಿತು. ಸಂಗೀತ ನಿರ್ಮಾಪಕ ಆರನ್ ಡೆಸ್ನರ್ ಜೊತೆ ಆಕೆ ಮಾಡಿದ ಆ ಮೆಲುದನಿಯ ಹಾಡುಗಳಲ್ಲಿ ಯಾವುದು ಮುಗಿಯಿತು, ಯಾವುದು ಶುರುವಾಯಿತು ಅಂತಲೇ ತಿಳಿಯಲಿಲ್ಲ. ಆದರೆ ನೀನು ಅತ್ತದ್ದೂ ನಿಜ ತಾನೇ?

ಅಭಿಪ್ರಾಯ ಬದಲಾದರೆ ತಪ್ಪೇನಿಲ್ಲ, ಎಲ್ಲರಿಗೂ ಆಗುತ್ತದೆ. ನಿನ್ನದು ಇನ್ನೊಂದು ಸಲ ಕೇಳದೆಯೇ ಬದಲಾಯಿತಲ್ಲ, ನನಗೆ ಕಸಿವಿಸಿ ಆಗಿದ್ದು ಅಲ್ಲಿ.

ಯಾಕೆಂದರೆ ಈ ಭಯ ನನಗೆ ಹಳೆಯ ಪರಿಚಯ. ನಾನು ಓದುವಾಗ ಗೆಳತಿಯರಿಗೆಲ್ಲ ರಾಕ್ ಬ್ಯಾಂಡುಗಳೇ ದೊಡ್ಡದು. ಸ್ವೀಡನ್ನಿನ ಪಾಪ್ ತಂಡ 'ಅಬ್ಬಾ' ಅಂದರೆ ನಗುತ್ತಿದ್ದರು. ನಾನೂ ಜೊತೆಗೆ ನಗುತ್ತಿದ್ದೆ, ಆಮೇಲೆ ಬಾಗಿಲು ಹಾಕಿಕೊಂಡು ಅದೇ ಕ್ಯಾಸೆಟ್ ಕೇಳುತ್ತಿದ್ದೆ. 1981ರ 'ದಿ ವಿಸಿಟರ್ಸ್' ಆದ ಮೇಲೆ ಅವರ ಹೊಸ ಆಲ್ಬಂ 'ವಾಯೇಜ್' ಬಂದದ್ದು 2021ರಲ್ಲಿ. 40 ವರ್ಷ ಕಾದ ಹೆಂಗಸು ಏನು ಮಾಡಿದಳು ಹೇಳು? ಮೊದಲು ವಿಮರ್ಶೆ ಓದಿದಳು! ಕೆಲವರು ಹೊಗಳಿದ್ದರು, ಕೆಲವರು ಹಳೇ ಸರಕು ಅಂದಿದ್ದರು. ಆಮೇಲೆ ಕೇಳಲು ಕೂತರೆ ಹಾಡಿಗಿಂತ ಅವರ ಮಾತೇ ತಲೆಯಲ್ಲಿ. ಈಗ ಅದನ್ನು ಖುಷಿಯಿಂದಲೇ ಕೇಳುತ್ತೇನೆ, ಆದರೆ ಮೊದಲ ಸಲ ಅನ್ನುವುದು ಇನ್ನೆಲ್ಲಿ ಬರಬೇಕು? ಅಬ್ಬಾ ಇನ್ನೊಂದು 40 ವರ್ಷ ಬಿಟ್ಟು ಬಂದರೆ ನಾನಿರಬೇಕಲ್ಲ.

ಇಂಥವಳು ನಿನಗೆ ಬುದ್ಧಿ ಹೇಳುವುದೂ ಒಂದು ತಮಾಷೆಯೇ. ಆದರೂ ಬಿಲೀ ಐಲಿಶ್ ಅವರ 'ಹಿಟ್ ಮಿ ಹಾರ್ಡ್ ಆಂಡ್ ಸಾಫ್ಟ್' ಇನ್ನೂ ಕೇಳಿಲ್ಲ ಅಂದೆಯಲ್ಲ, ಅದರ ಬಗ್ಗೆ ಏನನ್ನೂ ಓದಬೇಡ. ಸುಮ್ನೆ ಕೇಳು. ಹತ್ತೇ ಹಾಡು, ಮುಕ್ಕಾಲು ಗಂಟೆಯೂ ಹಿಡಿಯುವುದಿಲ್ಲ. ಇಡಿಯಾಗಿ ಕೇಳಲಿ ಅಂತಲೇ ಆಕೆ ಆಲ್ಬಂಗೆ ಮೊದಲು ಒಂದು ಹಾಡನ್ನೂ ಬಿಡಿಯಾಗಿ ಹೊರಗೆ ಬಿಟ್ಟಿರಲಿಲ್ಲ. ಮುಗಿದ ಮೇಲೆ ಎರಡು ಸಾಲು ಬರೆದಿಡು. ಚೆನ್ನಾಗಿ ಬರೆಯಬೇಕು ಅಂತೇನಿಲ್ಲ, ಯಾರಿಗೂ ತೋರಿಸಬೇಕಾಗಿಯೂ ಇಲ್ಲ. ಮರುದಿನ ನಿನ್ನ ಮಾತು ಯಾವುದು, ಓದಿದ ಮಾತು ಯಾವುದು ಅಂತ ಗುರುತು ಸಿಕ್ಕಿದರೆ ಸಾಕು. ಸಿಗದಿದ್ದರೂ ಗಾಬರಿ ಬೇಡ.

ಅದರಲ್ಲಿ ಒಂದು ಹಾಡು ನಿಧಾನವಾಗಿ ಸಾಗುತ್ತಿದ್ದದ್ದು ಅರ್ಧದಲ್ಲಿ ಇದ್ದಕ್ಕಿದ್ದಂತೆ ಬೇರೆಯದೇ ಕುಣಿತಕ್ಕೆ ಹೊರಳುತ್ತದೆ. ಅದು ನನಗೆ ಹಿಡಿಸಿತೋ ಇಲ್ಲವೋ ಈಗ ಹೇಳುವುದಿಲ್ಲ. ಹೇಳಿದರೆ ನಾನೂ ಆ ನಾಲ್ವರ ಜೊತೆ ಐದನೆಯವಳಾಗುತ್ತೇನೆ. ಮೊದಲು ನೀನು ಬರೆ, ಆಮೇಲೆ ನಾನು ಬರೆಯುತ್ತೇನೆ.

ಇಂತಿ,
ನಿನ್ನ ಅತ್ತೆ